ಕಾಲಿಗೆ ಬಲವಿದೆ, ಆದರೂ ನೀರಲ್ಲಿ ಮುಂದೆ ಹೋಗುತ್ತಿಲ್ಲ, ಯಾಕೆ?

ಪ್ರಶ್ನೆ: ನಾನು ಸಿದ್ದಾಪುರದ ಹತ್ತಿರದ ಕಾಫಿ ಬೆಳೆಗಾರ. ವಯಸ್ಸು 43. ಶಾಲೆಯ ದಿನಗಳಿಂದ ಹಾಕಿ ಆಡಿದವನು, ಕುಟುಂಬದ ತಂಡದಲ್ಲಿ ಈಗಲೂ ಆಡುತ್ತೇನೆ. ಮಗಳನ್ನು ಈಜು ಕ್ಲಾಸಿಗೆ ಬಿಡಲು ಹೋಗುತ್ತಿದ್ದವನು ಎರಡು ತಿಂಗಳ ಹಿಂದೆ ನಾನೂ ಸೇರಿಕೊಂಡೆ. ಕೈ ಹೊಡೆಯುವುದು ಒಂದು ಮಟ್ಟಕ್ಕೆ ಬಂದಿದೆ, ಕಾಲಿನದೇ ಸಮಸ್ಯೆ. ಕಿಕ್ ಬೋರ್ಡ್ (ತೇಲುವ ಹಲಗೆ) ಹಿಡಿದು ಎಷ್ಟು ಜೋರಾಗಿ ಒದ್ದರೂ ಇದ್ದಲ್ಲೇ ಇರುತ್ತೇನೆ. ಒಂದೊಂದು ಸಲ ಹಿಂದಕ್ಕೇ ಹೋಗುತ್ತೇನೆ! ಅರ್ಧ ಕೊಳ ದಾಟುವಷ್ಟರಲ್ಲಿ ಏದುಸಿರು ಬರುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ. ಒಂಬತ್ತು ವರ್ಷದ ಮಗಳು ಪಕ್ಕದಲ್ಲೇ ಸಲೀಸಾಗಿ ದಾಟಿ ಹೋಗುತ್ತಾಳೆ. ಕೋಚ್ ‘ಮಂಡಿ ಮಡಿಸಬೇಡಿ, ಸೊಂಟದಿಂದ ಒದೆಯಿರಿ’ ಅನ್ನುತ್ತಾರೆ. ನನ್ನ ಮೂಳೆ ಭಾರವೇ? ಪಾದಕ್ಕೆ ಹಾಕುವ ರಬ್ಬರ್ ರೆಕ್ಕೆ, ಅಂದರೆ ಫಿನ್ ಕೊಳ್ಳಬೇಕೇ? ಅಪ್ಪ ಕೆರೆಯಲ್ಲಿ ಬಾಳೆದಿಂಡು ಕಟ್ಟಿಕೊಂಡು ಕಲಿತವರು. ‘ತೋಟದ ಕೆರೆಗೆ ಇಳಿ, ತಾನಾಗೇ ಬರುತ್ತೆ’ ಅನ್ನುತ್ತಾರೆ. ಇಳಿಯಲೇ?

ಉತ್ತರ: ಹಿಂದಕ್ಕೆ ಹೋಗುವುದು ನಿಮಗೊಬ್ಬರಿಗೇ ಆಗುವ ವಿಚಿತ್ರ ಅಲ್ಲ. ಓಟ, ಹಾಕಿ, ಫುಟ್‌ಬಾಲ್ ಆಡಿ ಬೆಳೆದು, ದೊಡ್ಡವರಾದ ಮೇಲೆ ನೀರಿಗಿಳಿದವರಲ್ಲಿ ಇದನ್ನು ಮೇಲಿಂದ ಮೇಲೆ ನೋಡುತ್ತೇನೆ. ಕೊಡಗಿನಲ್ಲಂತೂ ಜಾಸ್ತಿ. 1997ರಲ್ಲಿ ಕರಡದಲ್ಲಿ ಕೌಟುಂಬಿಕ ಹಾಕಿ, ಅಂದರೆ ಕೊಡವ ಕುಟುಂಬಗಳ ನಡುವಿನ ಪಂದ್ಯಾವಳಿ, ಶುರುವಾದಾಗಿನಿಂದ ಇಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಸ್ಟಿಕ್ ಹಿಡಿಯದ ಮನೆ ಕಡಿಮೆ. ಹಾಗೆ ಆಡಿ ಗಟ್ಟಿಯಾದ ಕಾಲುಗಳನ್ನೇ ನೀವು ಕೊಳಕ್ಕೆ ತಂದಿದ್ದೀರಿ.

ನಿಮ್ಮ ಪತ್ರದ ಒಳಗೆ ಒಂದು ನಂಬಿಕೆ ಇದೆ. ಕಾಲಿಗೆ ಇಷ್ಟು ಬಲವಿರುವಾಗ ಕಿಕ್ ಬರಲೇಬೇಕಲ್ಲ ಅನ್ನುವುದು. ಅಲ್ಲೇ ತೊಡಕು ಇರುವುದು. ಶುರುವಿನಲ್ಲಿ ಕಿಕ್ ಬಲದ ಕೆಲಸವೇ ಅಲ್ಲ. ಪಾದ ಸಡಿಲವಾಗಿರಬೇಕು, ಮೈ ನೀರಿನ ಮೇಲೆ ಮಟ್ಟಸವಾಗಿ ಮಲಗಿರಬೇಕು. ಇವೆರಡೂ ಇಲ್ಲದೆ ಒದ್ದಷ್ಟೂ ನೀರು ನಿಮ್ಮನ್ನು ತಡೆಯುತ್ತದೆ. ನೀವು ಸಾಕಷ್ಟು ಒದೆಯುತ್ತಿಲ್ಲ ಅಂತಲ್ಲ. ಜಾಸ್ತಿ ಒದೆಯುತ್ತಿದ್ದೀರಿ, ಅದೂ ತಪ್ಪು ದಿಕ್ಕಿಗೆ.

ಹಿಂದಕ್ಕೆ ಯಾಕೆ ಹೋಗುತ್ತೀರಿ? ಮನೆಯಲ್ಲೇ ನೋಡಿಕೊಳ್ಳಬಹುದು. ನೆಲದ ಮೇಲೆ ಕಾಲು ಚಾಚಿ ಕುಳಿತುಕೊಳ್ಳಿ. ಮಂಡಿ ನೇರ ಇರಲಿ. ಈಗ ಹೆಬ್ಬೆರಳನ್ನು ಆದಷ್ಟು ನೆಲದ ಕಡೆಗೆ ಚಾಚಿ. ಒಳ್ಳೆಯ ಈಜುಗಾರರ ಹೆಬ್ಬೆರಳು ನೆಲಕ್ಕೆ ತಾಗುವಷ್ಟು ಹತ್ತಿರ ಬರುತ್ತದೆ, ಪಾದದ ಮೇಲ್ಭಾಗ ಮತ್ತು ಕಣಕಾಲು ಹೆಚ್ಚುಕಡಿಮೆ ಒಂದೇ ಗೆರೆಗೆ ಬರುತ್ತವೆ. ನಿಮ್ಮದು ಬಹುಶಃ ಅರ್ಧದಲ್ಲೇ ನಿಲ್ಲುತ್ತದೆ. ಪಾದದ ಗಂಟು, ಆಟಗಾರರು ಆಂಕಲ್ ಅನ್ನುತ್ತಾರಲ್ಲ, ಅದು ಅಲ್ಲಿಂದ ಮುಂದೆ ಬಗ್ಗುವುದೇ ಇಲ್ಲ.

ಹಾಕಿಯಲ್ಲಿ ಮಂಡಿ ಬಗ್ಗಿಸಿ, ಮುಂದಕ್ಕೆ ಬಾಗಿ ಓಡುತ್ತೀರಿ. ತೋಟದಲ್ಲಿ ಗಂಬೂಟು ಹಾಕಿಕೊಂಡು ಏರು ಹತ್ತುತ್ತೀರಿ. ಈ ಎರಡರಲ್ಲೂ ಪಾದ ಮೇಲಕ್ಕೆ, ಕಣಕಾಲಿನ ಕಡೆಗೆ ಬಗ್ಗುತ್ತದೆ. ಎಷ್ಟೋ ವರ್ಷ ಹೀಗೇ ನಡೆದರೆ ಗಂಟು ಆ ಕಡೆಗೆ ಪಳಗುತ್ತದೆ, ಕೆಳಗೆ ಚಾಚುವುದನ್ನು ಮರೆಯುತ್ತದೆ. ಹಿಂದೆ ಯಾವಾಗಲಾದರೂ ಕಾಲು ಉಳುಕಿದ್ದರೆ ಬಿಗಿತ ಇನ್ನೂ ಹೆಚ್ಚು. ಅದೇ ಪಾದವನ್ನು ನೀರಿನಲ್ಲಿ ನೆನೆಸಿಕೊಳ್ಳಿ. ಬೆರಳು ಕೆಳಗೆ ನೋಡುತ್ತಾ ಕೊಕ್ಕೆಯಂತೆ ನಿಂತಿದೆ. ನೀವು ಕೆಳಗೆ ಒದ್ದಾಗ ಆ ಪಾದ ನೀರನ್ನು ಹಿಂದಕ್ಕೆ ತಳ್ಳಬೇಕಿತ್ತು. ಅದರ ಬದಲು ಕೆಳಕ್ಕೂ ತಲೆಯ ಕಡೆಗೂ ತಳ್ಳುತ್ತದೆ. ನೀರನ್ನು ಮುಂದಕ್ಕೆ ತಳ್ಳಿದರೆ ನೀವು ಹಿಂದಕ್ಕೆ ಹೋಗಲೇಬೇಕು ಅಲ್ವಾ?

ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ, ಸೈಕಲ್ ತುಳಿಯುವ ಕಿಕ್. ಮಂಡಿ ಹೊಟ್ಟೆಯ ಕಡೆಗೆ ಬರುತ್ತದೆ, ತೊಡೆ ನೀರಿಗೆ ಅಡ್ಡ ನಿಲ್ಲುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅಷ್ಟು ಅಗಲದ ತೊಡೆಯನ್ನು ಅದಕ್ಕೆ ಅಡ್ಡ ಇಟ್ಟರೆ ಬ್ರೇಕ್ ಹಾಕಿದ ಹಾಗೆಯೇ. ಕೋಚ್ ‘ಮಂಡಿ ಮಡಿಸಬೇಡಿ’ ಅನ್ನುವುದು ಇದನ್ನು ತಡೆಯಲು. ಆದರೆ ಆ ಮಾತನ್ನು ಅಕ್ಷರಶಃ ತೆಗೆದುಕೊಂಡು ಕಾಲನ್ನು ಮರದ ಕೊರಡಿನಂತೆ ಗಟ್ಟಿ ಮಾಡಿಕೊಳ್ಳುವವರೇ ಹೆಚ್ಚು. ಅದೂ ತಪ್ಪೇ. ಮಂಡಿ ಬಗ್ಗಬೇಕು, ಸ್ವಲ್ಪ ಮಾತ್ರ. ಹಗ್ಗದ ಒಂದು ತುದಿ ಕೈಯಲ್ಲಿ ಹಿಡಿದು ಒಮ್ಮೆ ಕೊಡವಿ ನೋಡಿ. ಅಲೆ ಕೈಯಿಂದ ಶುರುವಾಗಿ ಇನ್ನೊಂದು ತುದಿಯವರೆಗೆ ಹರಿಯುತ್ತದೆ. ಕಿಕ್ ಕೂಡ ಹೀಗೆ. ತೊಡೆಯ ಬುಡ ಮೊದಲು ಅಲುಗಬೇಕು, ಮಂಡಿ ಅದರ ಹಿಂದೆ ಬರಬೇಕು, ಪಾದ ಕೊನೆಯಲ್ಲಿ ಚಿಮ್ಮಬೇಕು. ಮಂಡಿಯನ್ನು ನೀವು ಬಗ್ಗಿಸುವುದಲ್ಲ, ಸಡಿಲ ಬಿಟ್ಟರೆ ನೀರೇ ಬಗ್ಗಿಸುತ್ತದೆ.

ಮೂಳೆ ಭಾರದ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ನೆಪ ಮಾಡಿಕೊಳ್ಳಬಾರದು. ಸ್ನಾಯು ನೀರಿಗಿಂತ ಸ್ವಲ್ಪ ಭಾರ, ಕೊಬ್ಬು ನೀರಿಗಿಂತ ಹಗುರ. ಕಾಲಿನಲ್ಲಿ ಕೊಬ್ಬು ಕಡಿಮೆ ಇದ್ದು ಸ್ನಾಯು ಹೆಚ್ಚಿರುವ ಗಂಡಸರ ಕಾಲು ಬೇಗ ಮುಳುಗುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಎದೆಯಲ್ಲಿದೆ. ಹಾಗಾಗಿ ಎದೆ ತೇಲುತ್ತದೆ, ಕಾಲು ಇಳಿಯುತ್ತದೆ. ಇದು ಎಲ್ಲರ ಮೈಯ ಸ್ವಭಾವ, ನಿಮ್ಮಲ್ಲಿ ಒಂದು ಕೈ ಜಾಸ್ತಿ ಅಷ್ಟೆ. ಮಕ್ಕಳ ಕಾಲು ಹಗುರ, ಪಾದದ ಗಂಟು ಇನ್ನೂ ಮೆತ್ತಗೆ. ನಿಮ್ಮ ಮಗಳು ಸಲೀಸಾಗಿ ಹೋಗುವುದಕ್ಕೆ ಇದೂ ಒಂದು ಕಾರಣ. ಅವಳ ಜೊತೆ ಹೋಲಿಸಿಕೊಂಡು ಬೇಸರ ಪಡಬೇಡಿ.

ಆದರೆ ಕಾಲು ಇಳಿಯುವುದರಲ್ಲಿ ದೊಡ್ಡ ಪಾಲು ತಲೆಯದು. ಬೋರ್ಡಿನ ಮುಂದಿನ ತುದಿ ಹಿಡಿದು, ಗಲ್ಲ ಎತ್ತಿ, ಎದುರಿನ ಗೋಡೆ ನೋಡುತ್ತಾ ಒದೆಯುತ್ತೀರಿ ಅಂತ ನನ್ನ ಊಹೆ. ತಲೆ ಎದ್ದ ಕೂಡಲೇ ಸೊಂಟ ಇಳಿಯುತ್ತದೆ. ಸೊಂಟ ಇಳಿದರೆ ಕಾಲು ಇಳಿಜಾರಿನಲ್ಲಿ ನೇತಾಡುತ್ತದೆ. ಅದನ್ನು ಮೇಲೆತ್ತಲು ಇನ್ನೂ ಜೋರಾಗಿ ಒದೆಯುತ್ತೀರಿ, ಮಂಡಿ ಇನ್ನೂ ಮಡಿಸುತ್ತೀರಿ. ತೊಡೆಯ ದೊಡ್ಡ ಸ್ನಾಯುಗಳು ದುಡಿದಷ್ಟೂ ಆಮ್ಲಜನಕ ಕೇಳುತ್ತವೆ. ಅರ್ಧ ಕೊಳಕ್ಕೇ ಏದುಸಿರು ಬರುವುದು ಇದರಿಂದಲೇ, ದಮ್ಮು ಕಡಿಮೆಯಾಗಿ ಅಲ್ಲ. 60 ನಿಮಿಷ ಹಾಕಿ ಆಡುವವರಿಗೆ ದಮ್ಮಿಗೇನು ಕೊರತೆ?

ಫ್ರೀಸ್ಟೈಲ್‌ನಲ್ಲಿ, ಅಂದರೆ ಬೋರಲು ಮಲಗಿ ಒಂದಾದ ಮೇಲೊಂದು ಕೈ ಬೀಸುವ ಈಜಿನಲ್ಲಿ, ಮುಂದೆ ಸಾಗಿಸುವ ಕೆಲಸದ ಬಹುಪಾಲು ಕೈಗಳದ್ದು. ಹೊಸಬರಿಗೆ ಕಾಲಿನ ಮೊದಲ ಕೆಲಸ ಸೊಂಟವನ್ನು ಮೇಲೆ ಇಡುವುದು, ಮೈ ಪಕ್ಕಕ್ಕೆ ಹೊರಳುವಾಗ ತೂಗಿಸುವುದು. ಇದು ಮನಸ್ಸಿಗೆ ಬಂದರೆ ಅರ್ಧ ಒದ್ದಾಟ ನಿಲ್ಲುತ್ತದೆ. ಒಂದು ಕೈಗೆ ಎಷ್ಟು ಕಿಕ್ ಅಂತ ಲೆಕ್ಕ ಹಾಕುವವರಿದ್ದಾರೆ. ಹವಾಯಿಯ ಡ್ಯೂಕ್ ಕಹಾನಮೋಕು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಗೆದ್ದ ಮೇಲೆ ಎರಡು ಕೈಗೆ ಆರು ಕಿಕ್ ಅನ್ನುವ ಕ್ರಮ ಹೆಸರಾಯಿತು. ದೂರ ಈಜುವವರು ಶಕ್ತಿ ಉಳಿಸಲು ಎರಡೇ ಕಿಕ್ ಹಾಕುವುದೂ ಉಂಟು. ನೀವು ಸದ್ಯಕ್ಕೆ ಲೆಕ್ಕಕ್ಕೇ ಹೋಗಬೇಡಿ.

ಈಗ ಮಾಡುವುದೇನು ಅನ್ನುವುದಕ್ಕೆ ಬರೋಣ. ಕೊಳಕ್ಕಿಂತ ಮೊದಲು ಮನೆ.

ಪಾದದ ಗಂಟಿಗೆ ದಿನಾ ಐದು ನಿಮಿಷ ಕೊಡಿ. ಬಿಸಿನೀರಿನ ಸ್ನಾನ ಆದ ಮೇಲೆ ಒಳ್ಳೆಯದು, ಆಗ ಮೈ ಸಡಿಲ ಇರುತ್ತದೆ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ. ಪಾದದ ಮೇಲ್ಭಾಗವನ್ನು ಕೈಯಿಂದ ಹಿಡಿದು ನಿಧಾನವಾಗಿ ಕೆಳಗೆ ಎಳೆಯಿರಿ. 20-30 ಸೆಕೆಂಡ್ ಹಿಡಿದು ಬಿಡಿ. ಎರಡೂ ಕಾಲಿಗೆ ಮೂರು ಮೂರು ಸಲ ಸಾಕು. ಆಮೇಲೆ ಗಂಟನ್ನು ಎರಡೂ ಕಡೆಗೆ ಸುತ್ತಿಸಿ. ವಜ್ರಾಸನದಲ್ಲಿ ಕೂರುವುದೂ ಇದಕ್ಕೆ ಚೆನ್ನಾಗಿ ಆಗುತ್ತದೆ. ಆದರೆ ಹಾಕಿ ಆಡಿದವರ ಮಂಡಿಯನ್ನು ನಾನು ಸುಮ್ನೆ ನಂಬುವುದಿಲ್ಲ. ಮಂಡಿಗೆ ಹಿಂದೆ ಪೆಟ್ಟಾಗಿದ್ದರೆ, ಕೂತಾಗ ಒಳಗೆ ಚುಚ್ಚಿದರೆ ವಜ್ರಾಸನ ಬೇಡ. ಇಲ್ಲದಿದ್ದರೆ ಪಾದದ ಕೆಳಗೆ ಮಡಿಸಿದ ಟವಲ್ ಇಟ್ಟು ಅರ್ಧ ನಿಮಿಷದಿಂದ ಶುರು ಮಾಡಿ. ಪಾದದ ಮೇಲ್ಭಾಗ, ಕಣಕಾಲಿನ ಮುಂಭಾಗ ಎಳೆದ ಹಾಗಾದರೆ ಪರವಾಗಿಲ್ಲ, ಗಂಟಿನೊಳಗೆ ಚುಚ್ಚಿದರೆ ನಿಲ್ಲಿಸಿ. ವಾರದಲ್ಲಿ ಬದಲಾವಣೆ ಕಾಣುವುದಿಲ್ಲ, ತಿಂಗಳುಗಳೇ ಬೇಕು. ಚಿಕ್ಕಂದಿನಿಂದ ಈಜಿದವರಷ್ಟು ಸಡಿಲ ನಿಮಗೆ ಬರದೆಯೂ ಇರಬಹುದು. ಬೇಕಾಗಿಯೂ ಇಲ್ಲ. ಸ್ವಲ್ಪ ಬಗ್ಗಿದರೂ ಹಿಂದಕ್ಕೆ ಹೋಗುವುದು ನಿಲ್ಲುತ್ತದೆ.

ಕೊಳದಲ್ಲಿ ಸ್ವಲ್ಪ ದಿನ ಬೋರ್ಡ್ ಪಕ್ಕಕ್ಕಿಡಿ. ಗೋಡೆ ಹಿಡಿದು ಒದೆಯುವುದೂ ಅಷ್ಟಕ್ಕಷ್ಟೆ. ನೀರು ಎರಚುತ್ತದೆ, ಸದ್ದು ಬರುತ್ತದೆ, ಕೆಲಸ ಆದ ಹಾಗೆ ಅನ್ನಿಸುತ್ತದೆ. ಆದರೆ ಮುಂದೆ ಸಾಗಿದಿರೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಅದರ ಬದಲು ಗೋಡೆ ಒದ್ದು ಜಾರಿ. ಕೈ ಎರಡೂ ಮುಂದೆ ಚಾಚಿ, ಕಿವಿ ತೋಳಿಗೆ ತಾಗಲಿ, ಮುಖ ನೀರಿನಲ್ಲಿ, ಕಣ್ಣು ತಳದ ಟೈಲ್ಸ್ ಮೇಲೆ. ಮೊದಲು ಒದೆಯಲೇಬೇಡಿ, ಸುಮ್ನೆ ಜಾರಿ. ವೇಗ ತಗ್ಗುತ್ತಾ ಕಾಲು ಇಳಿಯಲು ಶುರುವಾಗುತ್ತದಲ್ಲ, ಆ ಗಳಿಗೆಯಲ್ಲಿ ಸಣ್ಣದಾಗಿ ಕಿಕ್ ಶುರು ಮಾಡಿ. ಆರೆಂಟು ಕಿಕ್ ಹಾಕಿ ನಿಂತುಬಿಡಿ, ಉಸಿರಾಡಿ, ಮತ್ತೆ ಹೋಗಿ. ಉದ್ದ ಮುಟ್ಟುವ ಹಟ ಬೇಡ. ಮುಖ ನೀರಿನಲ್ಲಿರುವಾಗ ಉಸಿರು ಹಿಡಿಯಬೇಡಿ, ಮೂಗಿನಿಂದ ಸಣ್ಣಗೆ ಬಿಡುತ್ತಾ ಇರಿ.

ಸೈಕಲ್ ಕಿಕ್ ಬಿಡಿಸಲು ಅಂಗಾತ ಮಲಗಿ ಒದೆಯುವುದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಕಿವಿ ನೀರಿನಲ್ಲಿ ಮುಳುಗಿರಲಿ, ಹೊಟ್ಟೆ ಮೇಲೆ ಬರಲಿ, ಕೈ ಪಕ್ಕದಲ್ಲಿರಲಿ. ಕಾಲಿನ ಕಡೆಗೆ ಒಮ್ಮೆ ಕಣ್ಣು ಹಾಯಿಸಿ. ಮಂಡಿ ನೀರಿನಿಂದ ಹೊರಗೆ ಇಣುಕಿದರೆ ಸೈಕಲ್ ನಡೆಯುತ್ತಿದೆ. ಮಂಡಿ ಕಾಣದೆ ಹೆಬ್ಬೆರಳ ಹತ್ತಿರ ನೀರು ಕುದಿಯುವ ಹಾಗೆ ಉಬ್ಬಿದರೆ ಸರಿಯಾಗಿದೆ. ಕಾಲ್ಬೆರಳು ಸ್ವಲ್ಪ ಒಳಕ್ಕೆ ತಿರುಗಿ, ಹೆಬ್ಬೆರಳುಗಳು ಒಂದಕ್ಕೊಂದು ಸವರಿಕೊಂಡು ಹೋದರೆ ಇನ್ನೂ ಒಳ್ಳೆಯದು. ಇದರಲ್ಲಿ ಅಪಾಯ ಒಂದೇ, ತಲೆ ಗೋಡೆಗೆ ಬಡಿಯುವುದು. ಅಲ್ಲಿ ಕೈ ಚಾಚಿ ನಿಲ್ಲಲು ಯಾರನ್ನಾದರೂ ಕೇಳಿಕೊಳ್ಳಿ.

ಇದು ಹಿಡಿತಕ್ಕೆ ಬಂದ ಮೇಲೆ ಪಕ್ಕಕ್ಕೆ ಮಲಗಿ ಕಿಕ್ ಮಾಡಿ. ಕೆಳಗಿನ ಕೈ ಮುಂದೆ ಚಾಚಿ, ಮೇಲಿನ ಕೈ ತೊಡೆಯ ಮೇಲೆ. ಫ್ರೀಸ್ಟೈಲ್‌ಗೆ ಹೆಚ್ಚು ಹತ್ತಿರದ್ದು ಇದೇ. ಆಳದ ಕಡೆ ನೆಟ್ಟಗೆ ನಿಂತು ಒದೆಯುವ ಅಭ್ಯಾಸ ಕೆಲವು ಕೋಚ್‌ಗಳು ಮಾಡಿಸುತ್ತಾರೆ. ಒಳ್ಳೆಯದೇ, ಆದರೆ ಆಳದಲ್ಲಿ ಧೈರ್ಯವಾಗಿ ತೇಲಲು ಬಂದ ಮೇಲೆ ಮಾತ್ರ, ಪಕ್ಕದಲ್ಲಿ ಯಾರಾದರೂ ಇದ್ದಾಗ ಮಾತ್ರ.

ಒಂದು ಗಂಟೆಯ ಈಜಿನಲ್ಲಿ ಕಿಕ್‌ಗೆ 10-15 ನಿಮಿಷ ಸಾಕು. ಕಾಲು ಸೋತ ಮೇಲೂ ಒದೆಯುತ್ತಾ ಹೋದರೆ ತಪ್ಪು ಕಿಕ್ಕೇ ರೂಢಿಯಾಗುತ್ತದೆ. ಮುಂದೆ ಬೋರ್ಡ್ ಬಳಸುವಾಗ ಅದರ ಹಿಂದಿನ ಅಂಚು ಹಿಡಿಯಿರಿ, ಮುಖ ನೀರಿಗೆ ಹಾಕಿ, ಉಸಿರಿಗೆ ಮಾತ್ರ ತಲೆ ಎತ್ತಿ. ಬೋರ್ಡ್ ಹಿಡಿದು ತಲೆ ಎತ್ತಿಯೇ ಈಜಿದರೆ ಸೊಂಟದ ಹಿಂಭಾಗ ನೋಯಲು ಶುರುವಾಗುತ್ತದೆ, 40 ದಾಟಿದವರಿಗೆ ಇದು ಬೇಗ ಗೊತ್ತಾಗುತ್ತದೆ.

ಫಿನ್ ಕೊಳ್ಳಬೇಕೇ ಅಂದಿರಿ. ಕೊಳ್ಳಬಹುದು, ಆದರೆ ಮೊದಲ ಒಂದು ತಿಂಗಳು ಬೇಡ. ಫಿನ್ ಹಾಕಿದ ಕೂಡಲೇ ಸರ್ರನೆ ಮುಂದೆ ಹೋಗುತ್ತೀರಿ, ಖುಷಿಯಾಗುತ್ತದೆ. ಪಾದ ಚಾಚಿದಾಗ ಹೇಗಿರುತ್ತದೆ ಅನ್ನುವುದು ಕಾಲಿಗೆ ಗೊತ್ತಾಗುತ್ತದೆ, ಗಂಟೂ ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ. ಅದು ಲಾಭ. ನಷ್ಟವೂ ಇದೆ. ಮಂಡಿ ಮಡಿಸಿದರೂ ಫಿನ್ ಮುಂದೆ ತಳ್ಳುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ತೆಗೆದ ಮೇಲೆ ಮತ್ತೆ ಅದೇ ಕಥೆ. ಮೀನಖಂಡಕ್ಕೆ ಹೊರೆ ಜಾಸ್ತಿ, ನಿಮಗೆ ಮೊದಲೇ ಸೆಳೆತದ ಕಾಟ ಇದೆ. ಕೊಂಡರೆ ಗಿಡ್ಡ ಅಲಗಿನ, ಮೆತ್ತನೆಯ ರಬ್ಬರಿನದು ಕೊಳ್ಳಿ. ಡೈವಿಂಗ್‌ಗೆ ಬಳಸುವ ಉದ್ದನೆಯದು ಬೇಡ. ಹಿಮ್ಮಡಿ ಉಜ್ಜಿದರೆ ತೆಳ್ಳನೆಯ ಕಾಲುಚೀಲ ಹಾಕಿಕೊಳ್ಳಿ. ಕೊಳದ ಎರಡು ಉದ್ದವನ್ನು ಫಿನ್‌ನಲ್ಲಿ ಈಜಿ, ಕೂಡಲೇ ಒಂದು ಉದ್ದ ಬರಿಗಾಲಲ್ಲಿ. ಇದೇ ಕ್ರಮ ಇಟ್ಟುಕೊಂಡರೆ ಫಿನ್‌ನಲ್ಲಿ ಕಲಿತದ್ದು ಬರಿಗಾಲಿಗೂ ಬರುತ್ತದೆ.

ಮೀನಖಂಡದ ಬಗ್ಗೆ ಬಾಳೆಹಣ್ಣು ತಿನ್ನಿ, ಉಪ್ಪು ನೀರು ಕುಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ. ತಿಂದರೆ ತೊಂದರೆ ಇಲ್ಲ, ಆದರೆ ಮುಕ್ಕಾಲು ಗಂಟೆ ಕೊಳದಲ್ಲಿ ಇರುವವರಿಗೆ ಬರುವ ಸೆಳೆತ ಹೆಚ್ಚಾಗಿ ಉಪ್ಪಿನ ಕೊರತೆಯದ್ದಲ್ಲ. ನಿಮ್ಮ ಬಿಗಿ ಪಾದವನ್ನು ಬಲವಂತವಾಗಿ ಚಾಚಿ ಹಿಡಿಯುತ್ತೀರಿ. ಕುಗ್ಗಿದ ಸ್ನಾಯು ಅಲ್ಲೇ ಕುಗ್ಗಿ ದಣಿಯುತ್ತದೆ, ಹಿಡಿದುಕೊಳ್ಳುತ್ತದೆ. ತಣ್ಣನೆಯ ನೀರು ಸೇರಿದರೆ ಇನ್ನೂ ಬೇಗ. ನಮ್ಮಲ್ಲಿ ನೀರು ಬಿಸಿ ಮಾಡದ ಕೊಳದಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಇಳಿದವರಿಗೆ ಇದು ಹೇಳಿಕೊಡಬೇಕಿಲ್ಲ. ಬಿಸಿಲು ಏರಿದ ಮೇಲೆ ಹೋಗಿ, ಇಳಿಯುವ ಮುಂಚೆ ಐದು ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳಿ. ಪಾದವನ್ನು ಚಾಚಿ ಹಿಡಿಯಬೇಡಿ, ಚಾಚಿಕೊಳ್ಳಲು ಬಿಡಿ. ಹಿಡಿದುಕೊಂಡರೆ ಗೋಡೆ ಹಿಡಿದು, ಮಂಡಿ ನೇರ ಮಾಡಿ, ಕಾಲ್ಬೆರಳನ್ನು ಕಣಕಾಲಿನ ಕಡೆಗೆ ಎಳೆಯಿರಿ. ಗೋಡೆ ದೂರ ಇದ್ದರೆ ಅಂಗಾತ ತೇಲಿ ಅದನ್ನೇ ಮಾಡಿ, ಕೂಗಿ ಕರೆಯಿರಿ. ಈಜದಿರುವಾಗಲೂ, ರಾತ್ರಿ ಮಲಗಿದಾಗಲೂ ಮತ್ತೆ ಮತ್ತೆ ಸೆಳೆತ ಬಂದರೆ, ಅಥವಾ ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನು ಅಪ್ಪ ಹೇಳಿದ ಕೆರೆಯ ಮಾತು. ಅವರ ಕಾಲದಲ್ಲಿ ಅದೇ ಕೊಳ, ಅದೇ ಶಾಲೆ. ಹಾಗೆ ಕಲಿತವರು ನೀರಿಗೆ ಹೆದರುವುದಿಲ್ಲ, ಅದು ದೊಡ್ಡ ಆಸ್ತಿ. ಆದರೆ ತಲೆ ಮೇಲೆ ಇಟ್ಟುಕೊಂಡು, ಕಾಲಿನಿಂದ ನೀರು ತುಳಿಯುತ್ತಾ ಈಜುವ ರೂಢಿ ಅಲ್ಲಿ ಬರುತ್ತದೆ. ನೀವು ಬಿಡಬೇಕಾದದ್ದೂ ಅದನ್ನೇ. ಕಿಕ್ ತಿದ್ದಿಕೊಳ್ಳಲು ತಿಳಿನೀರು ಬೇಕು, ಹಿಡಿಯಲು ಗೋಡೆ ಬೇಕು, ನಿಂತರೆ ಕಾಲಿಗೆ ನೆಲ ಸಿಗಬೇಕು. ತೋಟದ ಕೆರೆಯಲ್ಲಿ ಈ ಮೂರೂ ಇಲ್ಲ.

ನಿಮ್ಮ ಕೆರೆಯನ್ನೇ ನೆನೆಸಿಕೊಳ್ಳಿ. ಜೆಸಿಬಿಯಲ್ಲಿ ತೋಡಿದ್ದಾದರೆ ದಡದಿಂದ ಎರಡು ಹೆಜ್ಜೆಗೇ ಆಳ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿ ನೀರು ಎಳೆದ ಮೇಲೆ ಮಟ್ಟ ಇಳಿದಿರುತ್ತದೆ, ಹೋದ ತಿಂಗಳು ನೀವು ಕಂಡ ದಡ ಈಗ ಜಾರುವ ಕೆಸರು. ಪಂಪಿನ ಪೈಪು, ಫುಟ್‌ವಾಲ್ವ್, ಬಳ್ಳಿ, ಮುಳುಗಿದ ಕೊಂಬೆ ಯಾವುದೂ ಕಾಣುವುದಿಲ್ಲ. ಟಾರ್ಪಾಲು ಹಾಸಿದ ಕೃಷಿ ಹೊಂಡ ಇನ್ನೂ ಕೆಟ್ಟದ್ದು. ಪಾಚಿ ಕಟ್ಟಿದ ಪ್ಲಾಸ್ಟಿಕ್ ಮೇಲೆ ಈಜು ಬರುವವರೂ ಹತ್ತಿ ಬರಲಾರರು. ನಿಮ್ಮ ತೋಟದಲ್ಲಿ ಅಂಥದ್ದಿದ್ದರೆ ದಯವಿಟ್ಟು ಇವತ್ತೇ ಒಂದು ಗಟ್ಟಿ ಹಗ್ಗಕ್ಕೆ ಗಂಟು ಹಾಕಿ ದಡದ ಮರಕ್ಕೆ ಕಟ್ಟಿ ಒಳಗೆ ಇಳಿಬಿಡಿ, ಸುತ್ತ ಬೇಲಿ ಹಾಕಿಸಿ. ಇದು ಈಜಿಗಾಗಿ ಅಲ್ಲ. ಲೈನ್ ಮನೆಯ, ಅಂದರೆ ತೋಟದ ಕೆಲಸಗಾರರ ಮಕ್ಕಳೂ ಓಡಾಡುವ ಜಾಗ ಅದು.

ಕೆರೆಗೆ ಇಳಿಯಲೇಬೇಕು ಅನ್ನುವ ಆಸೆ ಇದ್ದರೆ ಒಂದಷ್ಟು ಕಾಯಿರಿ. ಕೊಳದ ಆಳದ ಕಡೆ ಐದು ನಿಮಿಷ ನಿಂತಲ್ಲೇ ತೇಲಲು, ಅಂಗಾತ ಮಲಗಿ ಉಸಿರಾಡುತ್ತಾ ಇರಲು ಮೊದಲು ಕಲಿಯಿರಿ. ಆಮೇಲೂ ಒಬ್ಬರೇ ಬೇಡ, ಸೊಂಟಕ್ಕೆ ಲಾರಿ ಟ್ಯೂಬ್ ಇರಲಿ, ಹಗ್ಗ ಹಿಡಿದು ದಡದಲ್ಲಿ ಈಜು ಬರುವವರೊಬ್ಬರು ಇರಲಿ. ಮಳೆಗಾಲದ ಹೊಳೆಯ ವಿಷಯ ನಾನು ಚರ್ಚೆಗೇ ತೆಗೆದುಕೊಳ್ಳುವುದಿಲ್ಲ. ಕಾವೇರಿಯಾಗಲಿ, ಬರಪೊಳೆಯಾಗಲಿ, ತೋಟದ ಬದಿಯ ತೋಡೇ ಆಗಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ.

ಕೊನೆಯದಾಗಿ ಒಂದು ಕೆಲಸ. ಮುಂದಿನ ಕ್ಲಾಸಿನಲ್ಲಿ ನೀವು ಕಿಕ್ ಮಾಡುವುದನ್ನು ಕೊಳದ ಪಕ್ಕದಿಂದ ಫೋನಿನಲ್ಲಿ ವಿಡಿಯೋ ಮಾಡಿಸಿ, ಕೋಚ್ ಒಪ್ಪಿಗೆ ಕೇಳಿ, ಬೇರೆ ಮಕ್ಕಳು ಅದರಲ್ಲಿ ಬರದ ಹಾಗೆ. ಅರ್ಧ ನಿಮಿಷದ್ದು ಸಾಕು. ಸೊಂಟ ನೀರಿನ ಮಟ್ಟಕ್ಕಿಂತ ಎಷ್ಟು ಕೆಳಗಿದೆ, ಮಂಡಿ ಎಷ್ಟು ಮಡಿಸುತ್ತಿದೆ, ಪಾದ ನೀರಿನಿಂದ ಪೂರ್ತಿ ಹೊರಗೆ ಬಂದು ಗಾಳಿಯನ್ನು ಒದೆಯುತ್ತಿದೆಯೇ ನೋಡಿ. ಹಿಮ್ಮಡಿ ಮೇಲ್ಮೈಯನ್ನು ಮುಟ್ಟಿದರೆ ಸಾಕು. ಆರು ವಾರ ಕಳೆದ ಮೇಲೆ ಅದೇ ಜಾಗದಿಂದ ಇನ್ನೊಂದು ವಿಡಿಯೋ ಮಾಡಿ. ಎರಡನ್ನೂ ಕೋಚ್ ಮುಂದೆ ಇಟ್ಟು, ‘ಸೊಂಟ ಮೇಲೆ ಬಂದಿದೆಯಾ?’ ಅಂತ ಕೇಳಿ. ವೇಗದ ವಿಷಯ ಆಮೇಲೆ ಕೇಳಬಹುದು.